ಸಾಲದ ಮೆಮೊರಿ

ಜುಲೈ ತಿಂಗಳು. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಶಾಲೆಗಳಿಗೆ ರಜೆ ಅಂತ ಡಿಸಿ ಆದೇಶ ಬಂದಿತ್ತು. ಚಿಕ್ಕಮಗಳೂರಿನಲ್ಲಿ ಮಳೆ ರಜೆ ಅಂದರೆ ನನ್ನ ಡಿಟಿಪಿ ಅಂಗಡಿಗೆ ಗಿರಾಕಿ ಬರುವುದಿಲ್ಲ, ಅಕ್ಕನ ಮಗ ಮಾತ್ರ ತಪ್ಪದೆ ಬರುತ್ತಾನೆ. ಬೆಳಗ್ಗೆ ಹತ್ತಕ್ಕೆಲ್ಲ ಹಾಜರ್. ಒದ್ದೆ ಛತ್ರಿಯನ್ನು ಜೆರಾಕ್ಸ್ ಮೆಷಿನ್ನಿಗೆ ಒರಗಿಸಿ, ಬೈಸಿಕೊಂಡು ತೆಗೆದು ಬಾಗಿಲ ಹೊರಗಿಟ್ಟು, ಎರಡನೇ ಕುರ್ಚಿ ಎಳೆದುಕೊಂಡು ಕೂರುತ್ತಾನೆ. ಒಂಬತ್ತನೇ ಕ್ಲಾಸು.

"ಮಾಮ, ಇವತ್ತು ಚಾರ್ಮಾಡಿ ಹೊಡೆಯೋಣ್ವಾ?"

ಚಾರ್ಮಾಡಿ ಅಂದರೆ ನಿಜವಾದ ಘಾಟಿಯಲ್ಲ. ನನ್ನ ಹತ್ತಿರ ಪ್ಲೇಸ್ಟೇಷನ್ 2 ಅನ್ನುವ, ಟಿವಿಗೆ ಹಾಕಿ ಆಡುವ ಗೇಮ್ ಮೆಷಿನ್ನಿನ ಒಂದು ಹಳೇ ರೇಸಿಂಗ್ ಡಿಸ್ಕ್ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ತಗೊಂಡಿದ್ದು. ಆ ಮೆಷಿನ್ನಿನ ಲೆನ್ಸ್ ಹೋಗಿ ಎಷ್ಟೋ ವರ್ಷವಾಯಿತು. ಆದರೆ ಮದುವೆ ಫೋಟೋದ ಡಿವಿಡಿ ಓದಲೆಂದು ಅಂಗಡಿಯ ಕಂಪ್ಯೂಟರಿನಲ್ಲಿ ಉಳಿಸಿಕೊಂಡಿದ್ದ ಡ್ರೈವ್ ಈ ಡಿಸ್ಕನ್ನು ಚೆನ್ನಾಗಿಯೇ ಓದಿತು. ಡಿಸ್ಕಿನ ಪೂರ್ತಿ ನಕಲು, ಅಂದರೆ ಐಎಸ್‌ಒ ಫೈಲ್ ಮಾಡಿಕೊಂಡೆ. ಮೆಷಿನ್ ಶುರುವಾಗಲು ಬೇಕಾದ ಬಯಾಸ್ ಅನ್ನುವ ಪ್ರೋಗ್ರಾಮ್ ಕೂಡ ಅದೇ ಮೆಷಿನ್ನಿನದ್ದು, ಅದು ಪೂರ್ತಿ ಕೈಕೊಡುವ ಮುಂಚೆ ತೆಗೆದಿಟ್ಟಿದ್ದೆ. ಈಗ ಆ ಮೆಷಿನ್ನಿನ ಕೆಲಸವನ್ನು ಕಂಪ್ಯೂಟರಿನಲ್ಲೇ ಮಾಡುವ ಪಿಸಿಎಸ್‌ಎಕ್ಸ್2 ಅನ್ನುವ ಎಮ್ಯುಲೇಟರಿನಲ್ಲಿ ಗೇಮ್ ಓಡುತ್ತದೆ.

ಆ ಗೇಮಿನಲ್ಲಿ ಒಂದು ಗುಡ್ಡದ ರಸ್ತೆ ಇದೆ. ಹೇರ್‌ಪಿನ್ ತಿರುವು, ಪಕ್ಕದಲ್ಲಿ ಕಂದಕ, ಮಂಜು. ನೋಡಿದವರು ಕೊಟ್ಟಿಗೆಹಾರ ದಾಟಿ ಕೆಳಗಿಳಿಯುತ್ತಿದ್ದೀವಿ ಅನ್ನಬೇಕು. ರಸ್ತೆಬದಿಯ ಜಾಹೀರಾತು ಬೋರ್ಡುಗಳು ಮಾತ್ರ ಪರದೇಶದವು. ಅವನ್ನು ಕನ್ನಡಕ್ಕೆ ತಂದರೆ ಹೇಗೆ ಅಂತ ಹುಡುಗ ಕೇಳಿದ. ದಿನಾ ಬೋರ್ಡು, ಬ್ಯಾನರ್ ಮಾಡುವವನನ್ನೇ ಹೀಗೆ ಕೇಳಿದರೆ ಬಿಡುವುದುಂಟಾ?

ಕೆಲಸ ಕಷ್ಟದ್ದಲ್ಲ. ಗೇಮಿನೊಳಗಿನ ರಸ್ತೆ, ಬೋರ್ಡುಗಳ ಮೇಲೆ ಅಂಟಿಸಿದ ಚಿತ್ರಕ್ಕೆ ಟೆಕ್ಸ್ಚರ್ ಅಂತಾರೆ. ಎಮ್ಯುಲೇಟರಿನ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಡಂಪ್ ಟೆಕ್ಸ್ಚರ್ಸ್ ಅಂತ ಒಂದು ಟಿಕ್ ಇದೆ. ಅದನ್ನು ಹಾಕಿ ಒಂದು ಸುತ್ತು ಕಾರು ಓಡಿಸಿದರೆ, ದಾರಿಯಲ್ಲಿ ಗೇಮ್ ಬಳಸಿದ ಪ್ರತಿ ಚಿತ್ರವೂ ಡಂಪ್ಸ್ ಅನ್ನುವ ಫೋಲ್ಡರಿಗೆ ಪಿಎನ್‌ಜಿ ಅನ್ನುವ ಬಗೆಯ ಫೈಲಾಗಿ ಬಂದು ಬೀಳುತ್ತದೆ. ಹೆಸರು ಮಾತ್ರ ಬಾಯಿಗೆ ಬರುವಂಥದ್ದಲ್ಲ, ಅಂಕಿ ಅಕ್ಷರ ಬೆರೆತ ಉದ್ದನೆ ಬಾಲ. ಚಿತ್ರದ ಒಳಗಿನ ಡೇಟಾದಿಂದಲೇ ಲೆಕ್ಕ ಹಾಕಿ ತೆಗೆದ ಗುರುತು ಅದು. ನಾವು ಹೊಸ ಚಿತ್ರ ಮಾಡಿ, ಅದೇ ಹೆಸರಿಟ್ಟು ರಿಪ್ಲೇಸ್‌ಮೆಂಟ್ಸ್ ಫೋಲ್ಡರಿಗೆ ಹಾಕಬೇಕು. ಲೋಡ್ ಟೆಕ್ಸ್ಚರ್ಸ್ ಟಿಕ್ ಮಾಡಿದರೆ ಹಳೇ ಬೋರ್ಡಿನ ಜಾಗದಲ್ಲಿ ನಮ್ಮದು ಬರುತ್ತದೆ.

ಮೊದಲು ಬಂದದ್ದು ಕಾಫಿ ಬೀಜ ಕೊಳ್ಳುವವರ ಬೋರ್ಡು. ಆಮೇಲೆ ನೀರುದೋಸೆ ಹೋಟೆಲು, ಜೇನುತುಪ್ಪ, ಹೋಮ್‌ಸ್ಟೇ, 'ಮುಂದೆ ಅಪಾಯಕಾರಿ ತಿರುವು', 'ಕೋತಿಗಳಿಗೆ ತಿಂಡಿ ಹಾಕಬೇಡಿ'. ಹೀಗೆ ನಲವತ್ತು ಬೋರ್ಡು. ಹಳದಿ ಹಿನ್ನೆಲೆ, ಕೆಂಪಕ್ಷರ, ಅದಕ್ಕೆ ಬಿಳಿ ಅಂಚು, ಅದರ ಹಿಂದೆ ಕಪ್ಪು ನೆರಳು. ನಮ್ಮ ಕಡೆ ಬ್ಯಾನರ್ ಅಂದಮೇಲೆ ಇಷ್ಟಾದರೂ ಬೇಡವಾ? ಪ್ರತಿಯೊಂದೂ 4096 × 2048 ಪಿಕ್ಸೆಲ್. ಇನ್ನೂ ದೊಡ್ಡದು ಮಾಡುತ್ತಿದ್ದೆನೇನೋ, ಆರಡಿ ಬ್ಯಾನರ್ ಮಾಡುವ ಕೈಗೆ ಅದೇ ಚಿಕ್ಕದಾಗಿ ಕಂಡಿತ್ತು.

ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಒಂದು ವಾರ ಆಡಿದೆವು.

ಬೋರ್ಡು ಇಷ್ಟು ಚೆನ್ನಾಗಿರುವಾಗ ರಸ್ತೆ, ಮರ, ಬೆಟ್ಟ ಎಲ್ಲ ಮಸುಕು ಅಂತ ಹುಡುಗನಿಗೆ ಅನಿಸಿತು. ಯಾರೋ ಪುಣ್ಯಾತ್ಮರು ಈ ಗೇಮಿಗೇ ಮಾಡಿಟ್ಟಿದ್ದ ಎಚ್‌ಡಿ ಟೆಕ್ಸ್ಚರ್ ಪ್ಯಾಕ್ ಇಳಿಸಿಕೊಂಡ. 1,900 ಚಿತ್ರ, 2.4 ಜಿಬಿ. ಫೋಲ್ಡರಿಗೆ ಹಾಕಿ ಗೇಮ್ ಶುರು ಮಾಡಿದೆವು. ಕಂಪನಿ ಲೋಗೋ ಬಂತು, ಮೆನು ಬಂತು, ರೇಸ್ ಶುರುವಾಯಿತು. ಎರಡನೇ ನಿಮಿಷಕ್ಕೆ ಚಿತ್ರ ಗಕ್ಕನೆ ನಿಂತಿತು. ಮೌಸ್ ಕೂಡ ಅಲ್ಲಾಡಲಿಲ್ಲ. ಆಮೇಲೆ ಎಮ್ಯುಲೇಟರ್ ತಾನಾಗಿಯೇ ಮುಚ್ಚಿಕೊಂಡು ಡೆಸ್ಕ್‌ಟಾಪ್ ಕಾಣಿಸಿತು. ತಪ್ಪೇನು, ಕಾರಣವೇನು, ಒಂದು ಮಾತಿಲ್ಲ.

"ಮಾಮ, ಕರೆಂಟ್ ಪ್ರಾಬ್ಲಮ್ಮಾ?"

ಅವತ್ತು ವೋಲ್ಟೇಜ್ ಏರುಪೇರು ಇದ್ದದ್ದು ನಿಜ. ಯುಪಿಎಸ್ ಕುಂಯ್‌ಗುಡುತ್ತಲೇ ಇತ್ತು. ಅದರ ಮೇಲೆ ಅನುಮಾನ ಪಟ್ಟು ಅರ್ಧ ದಿನ ಕಳೆದೆ. ಗ್ರಾಫಿಕ್ಸ್ ಡ್ರೈವರ್ ತೆಗೆದು ಹೊಸದು ಹಾಕಿದೆ. ಕ್ಯಾಬಿನೆಟ್ ಬಿಚ್ಚಿ ಫ್ಯಾನಿನ ಧೂಳು ಊದಿದೆ, ಒಂದು ಸತ್ತ ಜಿರಲೆ ಸಿಕ್ಕಿತು. ಡಿಸ್ಕಿನಿಂದ ಐಎಸ್‌ಒ ಎರಡನೇ ಸಲ ಮಾಡಿದೆ. ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಹೊಸದಾಗಿ ಸೇರಿಸಿದ್ದು ಒಂದೇ ಒಂದು ವಸ್ತು, ಆ ಪ್ಯಾಕು. ಅದೊಂದನ್ನು ಬಿಟ್ಟು ಊರೆಲ್ಲ ಹುಡುಕಿದ್ದೆ.

ಆಮೇಲೆ ರ‍್ಯಾಮ್ ಸಾಲದು ಅಂತ ನಾನೇ ತೀರ್ಮಾನ ಮಾಡಿದೆ. ತೀರ್ಮಾನ ಪೂರ್ತಿ ತಪ್ಪಲ್ಲ, ಅದೇ ದೊಡ್ಡ ತೊಂದರೆ ಆಯಿತು. ನನ್ನ ಮೆಷಿನ್ನಿನಲ್ಲಿ 8 ಜಿಬಿ ಇತ್ತು. ಲ್ಯಾಮಿನೇಷನ್ ರೋಲು ತರಲು ಹೇಗೂ ಹಾಸನಕ್ಕೆ ಹೋಗಬೇಕಿತ್ತು. ಬೇಲೂರು ಮೇಲೆ ಬಸ್ಸಿನಲ್ಲಿ ಹೋಗಿ, ಬಿ.ಎಂ. ರಸ್ತೆಯ ಒಂದು ಅಂಗಡಿಯಲ್ಲಿ ಇನ್ನೊಂದು 8 ಜಿಬಿ ಪಟ್ಟಿ ತಗೊಂಡೆ. ಎರಡು ಸಾವಿರ ಚಿಲ್ಲರೆ. ವಾಪಸ್ ಬರುವಾಗ ಬಸ್ಸಿನ ಸೂರು ಸೋರಿ, ರ‍್ಯಾಮಿನ ಡಬ್ಬಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಕೂತಿದ್ದೆ.

ಹಾಕಿದೆ. ಒಟ್ಟು 16 ಜಿಬಿ. ಎರಡನೇ ನಿಮಿಷಕ್ಕೆ ನಿಲ್ಲುತ್ತಿದ್ದ ಗೇಮು ಐದನೇ ನಿಮಿಷಕ್ಕೆ ನಿಂತಿತು.

"ಸ್ವಲ್ಪ ಇಂಪ್ರೂವ್ ಆಗಿದೆ ಅಲ್ವಾ ಮಾಮ" ಅಂದ ಹುಡುಗ. ಸಮಾಧಾನಕ್ಕೆ ಹೇಳಿದನೋ, ಕೀಟಲೆಗೋ, ಗೊತ್ತಾಗಲಿಲ್ಲ.

ಅವತ್ತು ರಾತ್ರಿ ಅಂಗಡಿ ಬಾಗಿಲು ಅರ್ಧ ಎಳೆದು, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಲೋಡ್ ಟೆಕ್ಸ್ಚರ್ಸ್ ಟಿಕ್ ತೆಗೆದೆ. ಗೇಮು ಒಂದು ಗಂಟೆ ಓಡಿತು, ಒಮ್ಮೆಯೂ ತಡವರಿಸಲಿಲ್ಲ. ಅಲ್ಲಿಗೆ ಯುಪಿಎಸ್ಸು, ಫ್ಯಾನು, ಡ್ರೈವರು, ಐಎಸ್‌ಒ, ಜಿರಲೆ ಎಲ್ಲ ನಿರಪರಾಧಿಗಳು. ಮತ್ತೆ ಟಿಕ್ ಹಾಕಿ, ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡೆ. ಮೆಮೊರಿಯ ಗೆರೆ ಮಳೆಗಾಲದ ಹೊಳೆ ಏರಿದ ಹಾಗೆ ಏರುತ್ತಾ ಹೋಯಿತು. 6 ಜಿಬಿ, 9, 12. ರೇಸ್ ಇನ್ನೂ ಶುರುವೇ ಆಗಿರಲಿಲ್ಲ, ಕಾರು ಮೆನುವಿನಲ್ಲೇ ನಿಂತಿತ್ತು. ಎಲ್ಲಿಂದ ಬಂತು ಇಷ್ಟು? ಪ್ಯಾಕ್ ಇರುವುದೇ 2.4 ಜಿಬಿ!

ಅಷ್ಟರಲ್ಲಿ ಮನೆಯಿಂದ ಅಮ್ಮನ ಫೋನು. ಊಟಕ್ಕೆ ಬಾ, ಸಂಡಿಗೆ ಕರಿದಿದೀನಿ, ಮೆತ್ತಗಾಗುತ್ತೆ ಅಂದಳು. ಸಂಡಿಗೆ ಅನ್ನುವ ಮಾತು ಕಿವಿಗೆ ಬಿದ್ದಾಗ ನನಗೆ ವಿಷಯ ಹೊಳೆಯಿತು. ಡಬ್ಬದಲ್ಲಿ ಇರುವಾಗ ಒಂದು ಹಿಡಿ. ಎಣ್ಣೆಗೆ ಬಿಟ್ಟರೆ ಬಾಣಲೆ ತುಂಬ. ಪಿಎನ್‌ಜಿ ಕೂಡ ಹಾಗೇ. ಡಿಸ್ಕಿನಲ್ಲಿ ಒತ್ತಿ ಮಡಚಿ ಇಟ್ಟಿರುತ್ತದೆ. ತೆರೆದ ಮೇಲೆ ಫೈಲಿನ ಸೈಜಿಗೆ ಬೆಲೆ ಇಲ್ಲ, ಎಷ್ಟು ಪಿಕ್ಸೆಲ್ ಇದೆ ಅನ್ನುವುದೇ ಲೆಕ್ಕ. ಒಂದೊಂದು ಪಿಕ್ಸೆಲಿಗೂ ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಅಂತ ನಾಲ್ಕು ಬೈಟ್.

ಹದಿನೈದು ವರ್ಷದಿಂದ ಫೋಟೋಶಾಪ್ ತೆರೆಯುತ್ತಿದ್ದೇನೆ. ಮೂರು ಎಂಬಿ ಜೆಪೆಗ್ ಒಳಗೆ ಬಂದಮೇಲೆ ಎಪ್ಪತ್ತು ಎಂಬಿ ಅಂತ ಕೆಳಗೆ ಮೂಲೆಯಲ್ಲಿ ತೋರಿಸುವುದನ್ನು ದಿನಾ ನೋಡಿದ್ದೇನೆ. ಹೊಳೆಯಲು ಸಂಡಿಗೆಯೇ ಬೇಕಾಯಿತು.

ಪಕ್ಕದಲ್ಲಿ ಒಂದು ಲಗ್ನಪತ್ರಿಕೆಯ ಪ್ರೂಫ್ ಬಿದ್ದಿತ್ತು. ಅದರ ಹಿಂದೆ ಲೆಕ್ಕ ಹಾಕಿದೆ. ಗೇಮಿನ ಮೂಲ ಬೋರ್ಡು 256 × 128, ಪಿಕ್ಸೆಲಿಗೆ ಒಂದೇ ಬೈಟು, ಬಣ್ಣಗಳ ಪಟ್ಟಿ ಬೇರೆ. ಅಂದರೆ 32 ಕೆಬಿ. ನನ್ನ ಬೋರ್ಡು 4096 × 2048, ಪಿಕ್ಸೆಲಿಗೆ ನಾಲ್ಕು ಬೈಟು. ಅಂದರೆ 32 ಎಂಬಿ. ಸರಿಯಾಗಿ 1,024 ಪಟ್ಟು. 2000ನೇ ಇಸವಿಯಲ್ಲಿ ಬಂದ ಪ್ಲೇಸ್ಟೇಷನ್ 2ಕ್ಕೆ ಇದ್ದ ಮುಖ್ಯ ಮೆಮೊರಿಯೇ 32 ಎಂಬಿ, ಚಿತ್ರಗಳಿಗೆಂದು ಬೇರೆ 4 ಎಂಬಿ. ರಸ್ತೆ, ಕಾರು, ಬೆಟ್ಟ ಎಲ್ಲವನ್ನೂ ಅಷ್ಟರೊಳಗೆ ತುಂಬಿಸಿದ್ದ ಗೇಮಿನಲ್ಲಿ ನನ್ನ ಒಂದು ನೀರುದೋಸೆ ಬೋರ್ಡು ಇಡೀ ಮೆಷಿನ್ನಿನಷ್ಟು ಜಾಗ ತಿನ್ನುತ್ತಿತ್ತು. ಹೆಮ್ಮೆಪಡಬೇಕೋ ನಾಚಬೇಕೋ ಗೊತ್ತಾಗಲಿಲ್ಲ.

ಪ್ಯಾಕಿನ ಚಿತ್ರಗಳು ಹೆಚ್ಚುಕಡಿಮೆ ಎಲ್ಲ 2048 × 1024, ಒಂದಕ್ಕೆ 8 ಎಂಬಿ. 1,900 ಚಿತ್ರ ಅಂದರೆ 15 ಜಿಬಿ ಹತ್ತಿರ. ಜೊತೆಗೆ ನನ್ನ ನಲವತ್ತು ಬೋರ್ಡಿನ 1,280 ಎಂಬಿ. ಲಗ್ನಪತ್ರಿಕೆಯ ಹಿಂದೆ ಆ ಮೊತ್ತ ಬರೆದು, ಹಾಸನದ ಬಿಲ್ ನೆನಪಿಸಿಕೊಂಡೆ.

ಆದರೆ 1,900 ಚಿತ್ರವೂ ಒಂದೇ ಸಲ ಯಾಕೆ ಬೇಕು? ಒಂದು ಟ್ರ್ಯಾಕಿಗೆ ಮುನ್ನೂರು ಬಂದರೆ ಹೆಚ್ಚು. ಬೆಳಗ್ಗೆ ಸೆಟ್ಟಿಂಗ್ಸ್ ತೆರೆದು ಒಂದೊಂದೇ ಓದಿದೆ. ಪ್ರಿಕ್ಯಾಷ್ ಟೆಕ್ಸ್ಚರ್ಸ್ ಅನ್ನುವುದಕ್ಕೆ ಟಿಕ್ ಬಿದ್ದಿತ್ತು. ಫೋಲ್ಡರಿನಲ್ಲಿ ಇರುವುದನ್ನೆಲ್ಲ ಮುಂಚೆಯೇ ತೆರೆದು ಮೆಮೊರಿಯಲ್ಲಿ ಇಟ್ಟುಕೊಳ್ಳುವುದು ಅದರ ಕೆಲಸ. ಮೌಸ್ ಒಯ್ದರೆ ವಿವರಣೆಯೂ ಬರುತ್ತದೆ: ಅಸಿಂಕ್ರೊನಸ್ ಲೋಡಿಂಗ್ ಇದ್ದರೆ ಇದು ಬೇಕಾಗಿಲ್ಲ ಅಂತ. ಅದಕ್ಕೂ ಟಿಕ್ ಇತ್ತು.

"ಇದನ್ನ ಯಾರೋ ಹಾಕಿದ್ದು?"

"ಎಲ್ಲಾ ಹಾಕಿದ್ರೆ ಸ್ಪೀಡ್ ಆಗುತ್ತೆ ಅಂತ ಹಾಕ್ದೆ ಮಾಮ."

ಬೈಯಲಿಲ್ಲ. ಅವನ ವಯಸ್ಸಿನಲ್ಲಿ ನಾನು ಟಿವಿಯ ಹಿಂದಿನ ತಿರುಪುಗಳನ್ನೆಲ್ಲ ತಿರುಗಿಸಿ ನೋಡಿದವನು.

ಪ್ರಿಕ್ಯಾಷ್ ತೆಗೆದೆ. ಅಸಿಂಕ್ರೊನಸ್ ಹಾಗೇ ಬಿಟ್ಟೆ. ಆಗ ಯಾವ ಚಿತ್ರ ತೆರೆಯ ಮೇಲೆ ಬೇಕೋ ಅದನ್ನು ಮಾತ್ರ ಹಿನ್ನೆಲೆಯಲ್ಲಿ ತೆರೆಯುತ್ತದೆ. ಬರುವವರೆಗೆ ಗೇಮಿನ ಹಳೇ ಚಿತ್ರವೇ ಕಾಣುತ್ತದೆ. ತಿರುವಿನಲ್ಲಿ ಒಂದು ಕ್ಷಣ ಮಸುಕು ಬೋರ್ಡು, ಆಮೇಲೆ ಥಟ್ಟನೆ ಕನ್ನಡ. ನನಗೆ ಅದೇ ಚೆನ್ನ ಅನಿಸಿತು, ಮಂಜು ಸರಿದ ಹಾಗಿರುತ್ತದೆ. ಐದು ನಿಮಿಷ ದಾಟಿತು, ಹತ್ತು ದಾಟಿತು. ಹುಡುಗ ಕುಣಿದ.

ಕಣಿವೆ ಕಾಣುವ ದೊಡ್ಡ ತಿರುವಿಗೆ ಬಂದಾಗ ಗೇಮು ಮುಗ್ಗರಿಸತೊಡಗಿತು. ನಿಲ್ಲಲಿಲ್ಲ, ಆದರೆ ಕಾರು ಹೆಜ್ಜೆ ಹೆಜ್ಜೆಗೆ ತಡೆದು ತಡೆದು ಹೋಯಿತು. ರ‍್ಯಾಮ್ ನೋಡಿದರೆ ಬೇಕಾದಷ್ಟು ಖಾಲಿ. ಟಾಸ್ಕ್ ಮ್ಯಾನೇಜರಿನಲ್ಲಿ ಜಿಪಿಯು ಅಂತ ಗ್ರಾಫಿಕ್ಸ್ ಕಾರ್ಡಿನ ಇನ್ನೊಂದು ಪುಟ ಇದೆ, ಅದುವರೆಗೆ ನಾನು ಅದನ್ನು ತೆರೆದೇ ಇರಲಿಲ್ಲ. ಅಲ್ಲಿ ಡೆಡಿಕೇಟೆಡ್ ಮೆಮೊರಿ 2.0 ಜಿಬಿಗೆ 2.0 ಜಿಬಿ. ತುಂಬಿ ತುಳುಕುತ್ತಿತ್ತು. ಅದರ ಕೆಳಗೆ ಶೇರ್ಡ್ ಮೆಮೊರಿ ಏರುತ್ತಿತ್ತು.

ಚಿತ್ರ ತೆರೆಯ ಮೇಲೆ ಬರಬೇಕಾದರೆ ಗ್ರಾಫಿಕ್ಸ್ ಕಾರ್ಡಿನ ಸ್ವಂತ ಮೆಮೊರಿಯಲ್ಲಿ ಇರಬೇಕು. ನನ್ನದು ಸೆಕೆಂಡ್ ಹ್ಯಾಂಡ್ ಕಾರ್ಡು, 2 ಜಿಬಿ. ಅಲ್ಲಿ ಜಾಗ ಸಾಲದಿದ್ದರೆ ಅದು ರ‍್ಯಾಮಿನಿಂದ ಸಾಲ ಎತ್ತುತ್ತದೆ. ಸಾಲದ ಜಾಗ ದೂರದ್ದು, ಪ್ರತಿ ಸಲ ಹೋಗಿ ತರಬೇಕು, ಅದಕ್ಕೇ ಮುಗ್ಗರಿಸುತ್ತದೆ. ಕಾರ್ಡಿಲ್ಲದ ಲ್ಯಾಪ್‌ಟಾಪಿನವರ ಪಾಡು ಇನ್ನೊಂದು ಥರ. ಅಲ್ಲಿ ಗ್ರಾಫಿಕ್ಸಿಗೆ ಸ್ವಂತದ್ದು ಅಂತ ಹೆಚ್ಚೇನೂ ಇರುವುದಿಲ್ಲ, ಶುರುವಿನಿಂದಲೇ ರ‍್ಯಾಮಿನ ಪಾಲು.

ಇಲ್ಲಿ ತಪ್ಪು ಪ್ಯಾಕಿನದ್ದಷ್ಟೇ ಆಗಿರಲಿಲ್ಲ. ಗೇಮಿನ ಚಿತ್ರವನ್ನು ಎಷ್ಟು ಪಿಕ್ಸೆಲಿನಲ್ಲಿ ಬರೆಯಬೇಕು ಅನ್ನುವ ಇಂಟರ್ನಲ್ ರೆಸಲ್ಯೂಷನ್ ಅನ್ನು ನಾನೇ ಆರು ಪಟ್ಟಿಗೆ ಇಟ್ಟಿದ್ದೆ. ಮೂಲ 640 × 448 ಅಂತ ಇಟ್ಟುಕೊಂಡರೆ ಆರು ಪಟ್ಟಿಗೆ 3840 × 2688. ಅಂಥ ಒಂದು ಹಾಳೆಗೇ ಸುಮಾರು 40 ಎಂಬಿ, ಗೇಮು ಒಂದೇ ಹಾಳೆಯಲ್ಲಿ ಚಿತ್ರ ಬರೆಯುವುದಿಲ್ಲ. ನೆರಳಿಗೊಂದು, ಕನ್ನಡಿಗೊಂದು, ಆಳ ಅಳೆಯಲೊಂದು. ಮೂರು ಪಟ್ಟಿಗೆ ಇಳಿಸಿದರೆ ಅದು ಕಾಲು ಭಾಗ. ಅಷ್ಟಕ್ಕೂ ನನ್ನ ಮಾನಿಟರು 1920 × 1080ರದ್ದು. ಯಾರಿಗೆ ತೋರಿಸಲು ಆರು ಪಟ್ಟು? ಇಳಿಸಿದೆ. ಮುಗ್ಗರಿಸುವುದು ಪೂರ್ತಿ ಹೋಗಲಿಲ್ಲ, ಆದರೂ ಆಡುವ ಹಾಗಾಯಿತು.

ಮಾರನೇ ದಿನ ಮಧ್ಯಾಹ್ನ ಮತ್ತೆ ಮುಚ್ಚಿಕೊಂಡಿತು. ಹಳೇ ಚಾಳಿ, ಮಾತಿಲ್ಲ ಕತೆಯಿಲ್ಲ.

ಈ ಸಲ ನನಗೆ ನಿಜವಾಗಲೂ ತಲೆ ಕೆಟ್ಟಿತು. ಪ್ರಿಕ್ಯಾಷ್ ಇಲ್ಲ. ರೆಸಲ್ಯೂಷನ್ ಇಳಿಸಿದ್ದೇನೆ. ಟಾಸ್ಕ್ ಮ್ಯಾನೇಜರ್ ಪ್ರಕಾರ 16ರಲ್ಲಿ 11 ಜಿಬಿ ಮಾತ್ರ ಖರ್ಚು. ಐದು ಜಿಬಿ ಖಾಲಿ ಇಟ್ಟುಕೊಂಡು ಮೆಮೊರಿ ಇಲ್ಲ ಅಂದರೆ ಯಾವ ನ್ಯಾಯ? ಒಂದೇ ವ್ಯತ್ಯಾಸ, ಅವತ್ತು ಒಂದು ಸಹಕಾರ ಸಂಘದ ಚುನಾವಣೆಯ ಹನ್ನೆರಡಡಿ ಬ್ಯಾನರು ಫೋಟೋಶಾಪಿನಲ್ಲಿ ತೆರೆದಿತ್ತು. ಅಭ್ಯರ್ಥಿಯ ಫೋಟೋ ಇನ್ನೂ ಬಂದಿರಲಿಲ್ಲ, ಅದಕ್ಕೇ ಮುಚ್ಚದೆ ಬಿಟ್ಟಿದ್ದೆ.

ಮೆಮೊರಿ ಪುಟದಲ್ಲಿ ಕಮಿಟೆಡ್ ಅಂತ ಇನ್ನೊಂದು ಅಂಕಿ ಇರುತ್ತದೆ. ಗೆರೆಯ ಕೆಳಗೆ, ಸಣ್ಣ ಅಕ್ಷರದಲ್ಲಿ. ಯಾರೂ ನೋಡುವುದಿಲ್ಲ. ಮತ್ತೆ ಗೇಮ್ ಓಡಿಸಿ ಅದನ್ನೇ ನೋಡುತ್ತಾ ಕೂತೆ. 15.8/17.4. 16.5/17.4. 17.3/17.4. ಅಷ್ಟೇ, ಮುಚ್ಚಿಕೊಂಡಿತು.

ಇದು ಬ್ಯಾಂಕಿನ ಲೆಕ್ಕದ ಹಾಗೆ. ಪ್ರೋಗ್ರಾಮುಗಳು ಇಷ್ಟು ಬೇಕಾಗಬಹುದು ಅಂತ ಮೊದಲೇ ಮಂಜೂರು ಮಾಡಿಸಿಕೊಳ್ಳುತ್ತವೆ. ತಕ್ಷಣ ಎಲ್ಲ ಖರ್ಚು ಮಾಡದೇ ಇರಬಹುದು. ಆದರೆ ಮಂಜೂರು ಮಾಡಿದ್ದಕ್ಕೆಲ್ಲ ವಿಂಡೋಸ್ ಆಧಾರ ತೋರಿಸಬೇಕು. ಆಧಾರ ಅಂದರೆ ರ‍್ಯಾಮ್ ಜೊತೆಗೆ ಅದಕ್ಕೆ ನೆರವಾಗಲೆಂದು ಡಿಸ್ಕಿನಲ್ಲಿ ತೆಗೆದಿಟ್ಟಿರುವ ಪೇಜ್ ಫೈಲ್. ಎರಡೂ ಸೇರಿ ಎಷ್ಟೋ ಅಲ್ಲಿಗೆ ಮಿತಿ. ಮಿತಿ ಮುಟ್ಟಿದ ಮೇಲೆ ಕೇಳಿದವರಿಗೆ ಇಲ್ಲ ಅನ್ನುತ್ತದೆ, ರ‍್ಯಾಮಿನಲ್ಲಿ ಜಾಗ ಕಾಣುತ್ತಿದ್ದರೂ ಸರಿ. ಬೇಕಾದಾಗ ಪೇಜ್ ಫೈಲ್ ತಾನೇ ಬೆಳೆಯುತ್ತದೆ, ವಿಂಡೋಸ್ ನೋಡಿಕೊಳ್ಳುತ್ತದೆ. ನನ್ನದು ಯಾಕೆ ಬೆಳೆಯುತ್ತಿಲ್ಲ?

ಮೈ ಕಂಪ್ಯೂಟರ್ ತೆರೆದೆ. ಸಿ ಡ್ರೈವ್ ಕೆಂಪಗಿತ್ತು. 240 ಜಿಬಿಯಲ್ಲಿ ಉಳಿದದ್ದು 300 ಎಂಬಿ.

ಅಯ್ಯೋ, ಅಂತ ಜೋರಾಗಿಯೇ ಅಂದೆ. ಆ ವಾರ ಫೋಟೋಶಾಪ್ ಮೂರು ಸಲ ಸ್ಕ್ರ್ಯಾಚ್ ಡಿಸ್ಕ್, ಅಂದರೆ ಕೆಲಸದ ನಡುವೆ ಅದು ಬಳಸುವ ಡಿಸ್ಕಿನ ಜಾಗ, ತುಂಬಿದೆ ಅಂತ ತಕರಾರು ತೆಗೆದಿತ್ತು. ಬ್ಯಾನರ್ ದೊಡ್ಡದು, ಇದ್ದದ್ದೇ ಅಂತ ನಾಲ್ಕು ಹಳೇ ಫೈಲ್ ಅಳಿಸಿ ಸುಮ್ಮನಾಗಿದ್ದೆ. ತಿಂದವರು ಯಾರು ಅಂತ ಹುಡುಕುತ್ತಾ ಡಾಕ್ಯುಮೆಂಟ್ಸ್, ಪಿಸಿಎಸ್‌ಎಕ್ಸ್2, ಟೆಕ್ಸ್ಚರ್ಸ್, ನಮ್ಮ ಗೇಮಿನ ನಂಬರು, ಡಂಪ್ಸ್. ಫೋಲ್ಡರ್ ತೆರೆಯಲಿಕ್ಕೇ ನಿಮಿಷ ಹಿಡಿಯಿತು. 48,000 ಫೈಲು. 9 ಜಿಬಿ.

ಬೋರ್ಡು ಹಿಡಿಯಲೆಂದು ಮೊದಲ ದಿನ ನಾನು ಹಾಕಿದ ಡಂಪ್ ಟೆಕ್ಸ್ಚರ್ಸ್ ಟಿಕ್ ಹಾಗೇ ಇತ್ತು. ತೆಗೆಯುವುದು ಮರೆತಿದ್ದೆ. ಅಷ್ಟೇ ಆಗಿದ್ದರೆ ಇಷ್ಟಾಗುತ್ತಿರಲಿಲ್ಲ, ಒಮ್ಮೆ ಬರೆದ ಚಿತ್ರವನ್ನು ಮತ್ತೆ ಬರೆಯುವುದಿಲ್ಲ. ಅದರ ಕೆಳಗೆ ಡಂಪ್ ಎಫ್‌ಎಂವಿ ಟೆಕ್ಸ್ಚರ್ಸ್ ಅಂತ ಇದೆ, ಗೇಮಿನ ನಡುವೆ ಬರುವ ವಿಡಿಯೋಗಳಿಗೆ. ಇದನ್ನು ಹಾಕಬೇಡಿ ಅಂತ ಅದರ ವಿವರಣೆಯಲ್ಲೇ ಇದೆ. ನಾನು ಹಾಕಿದ್ದೆ. ವಿಡಿಯೋದ ಪ್ರತಿ ಫ್ರೇಮೂ ಹೊಸ ಚಿತ್ರ, ಹೊಸ ಗುರುತು, ಹೊಸ ಫೈಲು. ನಮ್ಮ ಕಡೆಯ ಟಿವಿ ಪದ್ಧತಿಯಾದ ಪ್ಯಾಲ್ ಡಿಸ್ಕಿನಲ್ಲಿ ಸೆಕೆಂಡಿಗೆ 25 ಫ್ರೇಮು, ನಿಮಿಷಕ್ಕೆ 1,500. ಮಧ್ಯೆ ಮಧ್ಯೆ ಬರುವ ವಿಡಿಯೋ ಒಂದನ್ನೂ ದಾಟಿಸದೆ ಇಬ್ಬರೂ ಬಾಯಿಬಿಟ್ಟುಕೊಂಡು ನೋಡಿದ್ದೆವು.

"ಮಾಮ, ಇದನ್ನ ಯಾರು ಹಾಕಿದ್ದು?"

ಉತ್ತರ ಕೊಡದೆ ಕಾಫಿ ತರಲು ಕಳಿಸಿದೆ.

ಹೀಗೆ ಸಾಲದ ಮೇಲೆ ಸಾಲ. ಕಾರ್ಡು ರ‍್ಯಾಮಿನ ಹತ್ತಿರ ಕೈಯೊಡ್ಡುತ್ತಿತ್ತು, ರ‍್ಯಾಮು ಡಿಸ್ಕಿನ ಹತ್ತಿರ, ಡಿಸ್ಕಿನ ಜೇಬನ್ನು ನಾನೇ ಖಾಲಿ ಮಾಡಿ ಕೂತಿದ್ದೆ. ಎರಡೂ ಟಿಕ್ ತೆಗೆದು, ಬೋರ್ಡಿನ ಮೂಲಚಿತ್ರ ನಲವತ್ತನ್ನು ಎತ್ತಿಟ್ಟು, ಉಳಿದದ್ದೆಲ್ಲ ಅಳಿಸಿದೆ. ಅಳಿಸುವುದಕ್ಕೇ ಕಾಫಿ ಕುಡಿದು ಮುಗಿಯುವಷ್ಟು ಹೊತ್ತು ಹಿಡಿಯಿತು. ಆಮೇಲೆ ಕಮಿಟೆಡ್ ಪಕ್ಕದ ಮಿತಿ 17.4ರಿಂದ ತಾನಾಗಿಯೇ ಮೇಲಕ್ಕೆ ಸರಿಯಿತು. ಮುಚ್ಚಿಕೊಳ್ಳುವುದು ಅಲ್ಲಿಗೆ ನಿಂತಿತು.

ಉಳಿದದ್ದು ಕಣಿವೆಯ ತಿರುವಿನ ಮುಗ್ಗರಿಸುವಿಕೆ. ಹಾಗೇ ಬಿಡಬಹುದಿತ್ತು. ಆದರೆ ಮಳೆಯೂ ಬಿಟ್ಟಿರಲಿಲ್ಲ, ನನ್ನ ಹಟವೂ ಇಳಿದಿರಲಿಲ್ಲ.

ಪಿಎನ್‌ಜಿ ಬದಲು ಡಿಡಿಎಸ್ ಅಂತ ಒಂದು ಬಗೆಯ ಫೈಲಿದೆ. ಇದರೊಳಗೆ ಬಿಸಿ7 ಅನ್ನುವ ರೀತಿಯಲ್ಲಿ ಚಿತ್ರ ಇಟ್ಟರೆ, ಗ್ರಾಫಿಕ್ಸ್ ಕಾರ್ಡು ಅದನ್ನು ಬಿಡಿಸದೆ ಮಡಚಿದ ಹಾಗೇ ಇಟ್ಟುಕೊಂಡು ಓದುತ್ತದೆ. ಚಿತ್ರವನ್ನು ನಾಲ್ಕು ಇಂಟು ನಾಲ್ಕು ಪಿಕ್ಸೆಲಿನ ಚೌಕಗಳಾಗಿ ಕತ್ತರಿಸುತ್ತಾರೆ. ಬಿಡಿಯಾಗಿ ಇಟ್ಟರೆ ಅಂಥ ಚೌಕಕ್ಕೆ 64 ಬೈಟು ಬೇಕು. ಬಿಸಿ7ನಲ್ಲಿ 16 ಸಾಕು. ನಾಲ್ಕನೇ ಒಂದು ಭಾಗ, ಅದೂ ಕಾರ್ಡಿನ ಒಳಗೇ. ಇನ್ನೂ ಹಳೆಯ ಬಿಸಿ1 ಇದೆ, ಅದಕ್ಕೆ 8 ಬೈಟು.

ಲೋಭಿ ಬುದ್ಧಿ, ಮೊದಲು ಬಿಸಿ1 ಹಿಡಿದೆ. ಟೆಕ್ಸ್‌ಕಾನ್ವ್ ಅಂತ ಮೈಕ್ರೋಸಾಫ್ಟಿನ ಉಚಿತ ಸಾಧನ, ಕಪ್ಪು ಕಿಟಕಿಯಲ್ಲಿ ಟೈಪ್ ಮಾಡಿ ಓಡಿಸುವಂಥದ್ದು. ಹತ್ತು ಬೋರ್ಡು ಮಾಡಿ ಗೇಮಿಗೆ ಹಾಕಿದೆ. ರಸ್ತೆ ಹುಲ್ಲಿಗೆ ಏನೂ ಆಗಲಿಲ್ಲ. ಬೋರ್ಡಿನ ಹತ್ತಿರ ಕಾರು ನಿಲ್ಲಿಸಿ ನೋಡಿದರೆ ಅಕ್ಷರದ ಅಂಚೆಲ್ಲ ಇಲಿ ಕಡಿದ ಹಾಗೆ. ಅದರಲ್ಲೂ ಒತ್ತಕ್ಷರಗಳ ಗತಿ ಕೇಳಬೇಡಿ. 'ಎಚ್ಚರಿಕೆ'ಯಲ್ಲಿನ ಚ ಒತ್ತು ಒಂದು ಕೆಂಪು ಗಂಟಾಗಿತ್ತು. 'ಬಿಟ್ಟು'ವಿನ ಟ ಒತ್ತಿನ ಸುಳಿ ಮುಚ್ಚಿಹೋಗಿತ್ತು.

ಕಾರಣ ತಿಳಿದಾಗ ಖುಷಿಯಾಯಿತು, ತಪ್ಪು ನನ್ನ ಅಲಂಕಾರದ್ದು. ಬಿಸಿ1 ಒಂದು ಚೌಕಕ್ಕೆ ಎರಡೇ ಬಣ್ಣ ಇಟ್ಟುಕೊಂಡು, ಅವೆರಡರ ನಡುವಿನ ಛಾಯೆಗಳಲ್ಲೇ ಉಳಿದದ್ದನ್ನು ಸರಿದೂಗಿಸುತ್ತದೆ. ಹಳದಿಯ ಮೇಲೆ ಕೆಂಪು ಅಷ್ಟೇ ಆಗಿದ್ದರೆ ಚೆನ್ನಾಗಿಯೇ ಬರುತ್ತಿತ್ತು. ನಾನು ಬಿಳಿ ಅಂಚು, ಕಪ್ಪು ನೆರಳು ಬೇರೆ ತುರುಕಿದ್ದೆನಲ್ಲ. ಒಂದೇ ಚೌಕದೊಳಗೆ ನಾಲ್ಕು ಬಣ್ಣ ಜಗಳಕ್ಕೆ ನಿಂತರೆ ಅದೇನು ಮಾಡೀತು? ಕನ್ನಡದ ಒತ್ತುಗಳಲ್ಲಂತೂ ಸಣ್ಣ ಜಾಗದಲ್ಲಿ ಗೆರೆ ಬಳುಕಿ ಬಳುಕಿ ಹೋಗುತ್ತದೆ, ನಾಲ್ಕೂ ಬಣ್ಣ ಒಂದರ ಮೇಲೊಂದು ಬೀಳುತ್ತವೆ. ಬಿಸಿ7 ಒಂದು ಚೌಕವನ್ನು ಎರಡು ಮೂರು ಪಾಲು ಮಾಡಿ, ಪಾಲಿಗೊಂದು ಬಣ್ಣದ ಜೋಡಿ ಕೊಡಬಲ್ಲದು. ಅದೇ 'ಎಚ್ಚರಿಕೆ'ಯನ್ನು ಬಿಸಿ7ನಲ್ಲಿ ಮಾಡಿದರೆ ಒತ್ತು ಬಿಡಿಬಿಡಿಯಾಗಿ ಓದಿಸಿಕೊಂಡಿತು. ಹೀಗಾಗಿ ಬೋರ್ಡಿಗೂ ಬಿಸಿ7, ಎಲ್ಲಕ್ಕೂ ಬಿಸಿ7.

ಅದಕ್ಕೂ ಮುಂಚೆ ಕೂತು ಆರಿಸಿದೆ. ಆಕಾಶ, ಹುಲ್ಲು, ಜಲ್ಲಿ, ದೂರದ ಬೆಟ್ಟ, ಇಂಥ 700 ಚಿತ್ರಗಳನ್ನು ಅರ್ಧ ಅಳತೆಗೆ ಇಳಿಸಿದೆ. ಗಂಟೆಗೆ ಇನ್ನೂರು ಕಿಲೋಮೀಟರ್ ಓಡುವಾಗ ಹುಲ್ಲಿನ ಎಸಳು ಯಾರು ಎಣಿಸುತ್ತಾರೆ? ಕಾರಿನದ್ದು ಮುಟ್ಟಲಿಲ್ಲ, ಅದು ಸದಾ ಕಣ್ಣೆದುರಿಗೇ ಇರುತ್ತದೆ. ನನ್ನ ಬೋರ್ಡುಗಳನ್ನೂ 2048 × 1024ಕ್ಕೆ ಇಳಿಸಿದೆ. ಸ್ವಲ್ಪ ಹೊಟ್ಟೆ ಉರಿಯಿತು. ಗೇಮಿನಲ್ಲಿ ನೋಡಿದರೆ ವ್ಯತ್ಯಾಸ ನನಗೇ ಗೊತ್ತಾಗಲಿಲ್ಲ.

ಒಂದು ಬೋರ್ಡಿಗೆ ಟೆಕ್ಸ್‌ಕಾನ್ವ್ ಎಚ್ಚರಿಕೆ ಕೊಟ್ಟಿತು. ಹುಡುಗ ಆಮೇಲೆ ತಾನೇ ಮಾಡಿ ಹಾಕಿದ್ದು, 1500 × 750. ಚೌಕ ನಾಲ್ಕರದ್ದು ಆದ್ದರಿಂದ ಅಗಲ ಎತ್ತರ ಎರಡೂ ನಾಲ್ಕರಿಂದ ಭಾಗವಾಗಬೇಕು. 1500 ಆಗುತ್ತದೆ, 750 ಆಗುವುದಿಲ್ಲ. ಉಳಿದವುಗಳ ಅಳತೆಗೇ ತಂದೆ.

ಬಿಸಿ7 ಮಾಡುವುದು ನಿಧಾನದ ಕೆಲಸ. ರಾತ್ರಿ ಒಂಬತ್ತಕ್ಕೆ ಓಡಲು ಬಿಟ್ಟು ಮನೆಗೆ ಹೋದೆ. ಬೆಳಗ್ಗೆ ಬಂದು ನೋಡಿದರೆ ಕಂಪ್ಯೂಟರ್ ಆಫ್. ರಾತ್ರಿ ಯಾವಾಗಲೋ ಕರೆಂಟ್ ಹೋಗಿ, ಯುಪಿಎಸ್ ಎಷ್ಟು ತಡೆಯಿತೋ ಅಷ್ಟು ತಡೆದು ಮಲಗಿತ್ತು. ಮುಗಿದದ್ದನ್ನು ಬದಿಗಿಟ್ಟು ಉಳಿದದ್ದಕ್ಕೆ ಮತ್ತೆ ಕೂರಿಸಿದೆ. ಮಧ್ಯಾಹ್ನಕ್ಕೆ ಮುಗಿಯಿತು. ಪಿಎನ್‌ಜಿಗಳನ್ನೆಲ್ಲ ಡಿ ಡ್ರೈವಿಗೆ ಸಾಗಿಸಿ, ಜಾಗದಲ್ಲಿ ಡಿಡಿಎಸ್ ಹಾಕಿದೆ.

ಹುಡುಗ ಫೋಲ್ಡರಿನ ಸೈಜ್ ನೋಡಿ ಗಾಬರಿಯಾದ. "ಮಾಮ, ಜಾಸ್ತಿ ಆಗಿದೆ! 2.4 ಇದ್ದದ್ದು 3.7 ಆಗಿದೆ!"

"ಆಗಲಿ ಬಿಡೋ. ಇದು ಕರಿದಿಟ್ಟ ಸಂಡಿಗೆ. ಇನ್ನು ಉಬ್ಬಲ್ಲ."

ದೂರಕ್ಕೆ ಹೋದಂತೆ ಬಳಸಲೆಂದು ಅರ್ಧ, ಕಾಲು, ಅರೆಕಾಲು ಅಳತೆಯ ಪ್ರತಿಗಳೂ ಆ ಫೈಲಿನೊಳಗೇ ಇರುತ್ತವೆ, ಮಿಪ್‌ಮ್ಯಾಪ್ ಅಂತಾರೆ. ಅದಕ್ಕೆ ಮೂರನೇ ಒಂದರಷ್ಟು ಹೆಚ್ಚು ಜಾಗ. ಅದು ಸೇರಿಯೂ 32 ಎಂಬಿ ಇದ್ದ ನೀರುದೋಸೆ ಈಗ 2.7 ಎಂಬಿ. ದೂರದ ಬೋರ್ಡಿನ ಅಕ್ಷರ ಮಿಣಿಮಿಣಿ ಅನ್ನುವುದೂ ನಿಂತಿತು, ಅದು ನಾನು ಕೇಳದೆ ಸಿಕ್ಕಿದ ಲಾಭ.

ಗೇಮ್ ಹಾಕಿದೆವು. ಹನ್ನೆರಡಡಿ ಬ್ಯಾನರ್ ಬೇಕಂತಲೇ ಫೋಟೋಶಾಪಿನಲ್ಲಿ ತೆರೆದಿಟ್ಟೆ. ಕಾರ್ಡಿನ ಮೆಮೊರಿ 1.3 ಜಿಬಿ ಮುಟ್ಟಿ ಅಲ್ಲೇ ನಿಂತಿತು. ಶೇರ್ಡ್ ಗೆರೆ ಅಲ್ಲಾಡಲೇ ಇಲ್ಲ. ಕಣಿವೆಯ ತಿರುವು ಬಂತು, ಹುಡುಗ ಬ್ರೇಕ್ ಒತ್ತದೆ ಹೊಡೆದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋಯಿತು. ಎರಡನೇ ಸುತ್ತು, ಮೂರನೇ ಸುತ್ತು. ಒಂದು ಗಂಟೆ.

ನಾಲ್ಕನೇ ಸುತ್ತಿನಲ್ಲಿ ಅವನು ರೇಸ್ ಬಿಟ್ಟು ರಸ್ತೆಬದಿಗೆ ಕಾರು ನಿಲ್ಲಿಸಿದ. ಹಿಂದಿನಿಂದ ಬಂದವರೆಲ್ಲ ಹಾರ್ನ್ ಹೊಡೆದು ದಾಟಿ ಹೋದರು. ಕ್ಯಾಮೆರಾವನ್ನು ಮೆಲ್ಲಗೆ ಬೋರ್ಡಿನ ಕಡೆ ತಿರುಗಿಸಿದ.

"ಮಾಮ, ಅದೇನು ಬರೆದಿದ್ದೀರಿ ಓದಿ."

'ಅಪಘಾತ ವಲಯ, ನಿದಾನವಾಗಿ ಚಲಿಸಿ.'

ದ. ಧ ಅಲ್ಲ. ಮಸುಕಾಗಿದ್ದಷ್ಟು ದಿನ ಆ ಹೊಟ್ಟೆ ಸೀಳದ ಅಕ್ಷರ ಯಾರಿಗೂ ಕಂಡಿರಲಿಲ್ಲ. ಈಗ ಬಿಳಿ ಅಂಚು, ಕಪ್ಪು ನೆರಳಿನ ಸಮೇತ ಮಂಜಿನ ಮಧ್ಯೆ ಎದ್ದು ಕಾಣುತ್ತಿತ್ತು. ಅವನು ಕುರ್ಚಿಯಿಂದ ಬೀಳುವಷ್ಟು ನಗುತ್ತಿದ್ದ. ನಾನು ಬ್ಯಾನರ್ ಮುಚ್ಚಿ, ಆ ಬೋರ್ಡಿನ ಫೈಲ್ ಹುಡುಕಿ ತೆರೆದೆ.